ಆರು ಕಂಪ್ಯೂಟರ್, ಒಂದೇ ಹೆಪ್ಪು

ಇದನ್ನು ಕೇಳುತ್ತಿರುವ ಹೆಚ್ಚಿನವರ ಕೈಯಲ್ಲಿ ಈಗ ಫೋನ್ ಇದೆ. ಅದರ ವಾಲ್‌ಪೇಪರ್ ನಿಮ್ಮದು, ಕೀಬೋರ್ಡ್ ನಿಮ್ಮದು, ಯಾವ ಆ್ಯಪ್ ಎಲ್ಲಿರಬೇಕು ಅನ್ನೋದೂ ನಿಮ್ಮದೇ ತೀರ್ಮಾನ. ಅಮ್ಮ ಬಂದು 'ಒಂದು ಫೋಟೊ ನೋಡ್ತೀನಿ ಕೊಡೋ' ಅಂದ್ರೂ ಒಂದು ಕ್ಷಣ ಯೋಚನೆ ಮಾಡ್ತೀರಿ, ಅಲ್ವಾ? ಇವತ್ತು ನಾನು ಹೇಳೋಕೆ ಹೊರಟಿರೋದು ಅದಕ್ಕಿಂತ ಹಿಂದಿನ ಕಾಲದ ಕಥೆ. ಒಂದೇ ಕಂಪ್ಯೂಟರ್ ಮುಂದೆ ದಿನಕ್ಕೆ ಎಂಟು ಹತ್ತು ಜನ ಕೂತು ಎದ್ದು ಹೋಗುತ್ತಿದ್ದ ಕಾಲ. ವಠಾರದ ನಲ್ಲಿ ಇದ್ದ ಹಾಗೆ. ಎಲ್ಲರದೂ ಹೌದು, ಯಾರದೂ ಅಲ್ಲ.

2004. ಬಸವನಗುಡಿ. ಡಿವಿಜಿ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಹಳೇ ಕಟ್ಟಡ. ಕೆಳಗೆ ಗ್ರಂಧಿಗೆ ಅಂಗಡಿ, ಮೇಲೆ ಕಂಪ್ಯೂಟರ್ ಸೆಂಟರ್. ಮೆಟ್ಟಿಲು ಹತ್ತುವಾಗ ಕರ್ಪೂರ, ಅರಿಶಿನದ ವಾಸನೆ, ಬಾಗಿಲು ತೆಗೆದರೆ ಬಿಸಿಯಾದ ಮಾನಿಟರ್ ವಾಸನೆ. ಆರು ಕಂಪ್ಯೂಟರ್ ಇದ್ದವು. ಬೆಳಗ್ಗೆ ಕನ್ನಡ ಟೈಪಿಂಗ್ ಬ್ಯಾಚ್, ಸಂಜೆ ಟ್ಯಾಲಿ ಮತ್ತು ಡಿಟಿಪಿ, ನಡುವೆ ಯಾರಾದರೂ ಬಂದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ. ಡಿಗ್ರಿ ಮುಗಿಸಿ ಬೇರೆ ಕೆಲಸ ಸಿಗದ ನಾನು ಅಲ್ಲಿ ಸಹಾಯಕ. ಸಹಾಯಕ ಅಂದ್ರೆ ಪಾಠ ಹೇಳೋದು, ಪ್ರಿಂಟರ್‌ಗೆ ಇಂಕ್ ತುಂಬೋದು, ಕರೆಂಟ್ ಹೋದಾಗ ಯುಪಿಎಸ್ ಕಿರುಚೋದನ್ನ ನಿಲ್ಲಿಸೋದು, ಎಲ್ಲಾ ಸೇರಿ.

ಅದು ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿದ್ದ ಜಾಗ. ಯಜಮಾನರು ವರ್ಷಗಟ್ಟಲೆ ಜೂನಿಯರ್, ಸೀನಿಯರ್ ಪರೀಕ್ಷೆಗೆ ಹುಡುಗ ಹುಡುಗಿಯರನ್ನು ತಯಾರು ಮಾಡಿದವರು. ಹಳೇ ಮೆಷಿನ್‌ಗಳನ್ನು ಗುಜರಿಗೆ ಹಾಕೋಕೆ ಮನಸ್ಸು ಬರದೆ ಅಟ್ಟದ ಮೇಲೆ ಗೋಣಿಚೀಲ ಹೊದಿಸಿ ಇಟ್ಟಿದ್ದರು. ನನಗೆ ಅವರು ಒಂದು ವಿಷಯ ಹೇಳಿದ್ದರು. ಟೈಪ್‌ರೈಟರ್‌ನಲ್ಲಿ ಮಾರ್ಜಿನ್ ಇಡೋಕೆ ಹಿಂದೆ ಎರಡು ಸಣ್ಣ ತಡೆಗಳಿರುತ್ತವೆ. ಒಬ್ಬ ಹುಡುಗ ಅರ್ಜಿ ಟೈಪ್ ಮಾಡೋಕೆ ಅದನ್ನ ಸರಿಸಿ ಹೋಗಿರ್ತಾನೆ, ಮುಂದಿನ ಹುಡುಗಿ ಬಂದು ಸಾಲು ಶುರು ಮಾಡಿದರೆ ಅಕ್ಷರ ಎಲ್ಲೋ ಹಾಳೆಯ ನಡುವೆ ಬೀಳುತ್ತೆ. ಅದಕ್ಕೆ ಪ್ರತಿ ಬ್ಯಾಚ್ ಮುಗಿದ ಮೇಲೆ ಯಜಮಾನರು ಸಾಲಾಗಿ ಎಲ್ಲಾ ಮೆಷಿನ್ ಮುಂದೆ ನಡೆದು ತಡೆಗಳನ್ನು ಮೊದಲಿನ ಜಾಗಕ್ಕೆ ತಳ್ಳುತ್ತಿದ್ದರಂತೆ. 'ಮುಂದೆ ಕೂತ್ಕೊಳ್ಳೋರಿಗೆ ಹಿಂದೆ ಕೂತಿದ್ದೋರು ಕಾಣಬಾರದಪ್ಪ' ಅಂತ ಅವರ ಮಾತು.

ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಟೈಪ್‌ರೈಟರ್ ಕಾಲದಲ್ಲಿ ಭಾಷೆಯ ಗೊಂದಲ ಇರಲಿಲ್ಲ. ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿದವರಲ್ಲಿ ಕೆ. ಅನಂತಸುಬ್ಬರಾಯರ ಹೆಸರು ದೊಡ್ಡದು. ಒತ್ತು, ಗುಣಿತ, ಎಲ್ಲವನ್ನೂ ಒಂದು ಸಣ್ಣ ಯಂತ್ರದ ಕೀಲಿಗಳೊಳಗೆ ಕೂರಿಸೋದು ಹುಡುಗಾಟದ ಕೆಲಸ ಅಲ್ಲ. ಆದರೆ ಒಂದ್ಸಲ ಕೂರಿಸಿದ ಮೇಲೆ ಮುಗೀತು. ಕನ್ನಡ ಮೆಷಿನ್ ಅಂದ್ರೆ ಕನ್ನಡ, ಇಂಗ್ಲಿಷ್ ಮೆಷಿನ್ ಅಂದ್ರೆ ಇಂಗ್ಲಿಷ್. ಭಾಷೆ ಉಕ್ಕಿನಲ್ಲೇ ಎರಕ ಆಗಿರುತ್ತಿತ್ತು. ಕಂಪ್ಯೂಟರ್‌ನಲ್ಲಿ ಹಾಗಲ್ಲ. ಒಂದೇ ಮೆಷಿನ್ ಒಳಗೆ ಎರಡೂ ಇರಬಹುದು. ಆದರೆ ಹೊಸಬರು ಬಂದು ಕೂತ ತಕ್ಷಣ ಯಾವುದು ಎದುರಿಗೆ ಬರಬೇಕು? ಅದನ್ನು ಯಾರು ತೀರ್ಮಾನ ಮಾಡೋದು?

ಸ್ವಲ್ಪ ದೂರ ಹೋಗಿ ಬರೋಣ. ಒಂದು ಕಂಪ್ಯೂಟರನ್ನು ಹಲವರು ಒಟ್ಟಿಗೆ ಹಂಚಿಕೊಳ್ಳೋದು ಹೊಸ ವಿಷಯ ಏನಲ್ಲ, ಶುರುವಾಗಿದ್ದೇ ಹಾಗೆ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಜೊತೆಯವರು ಸಿಟಿಎಸ್‌ಎಸ್ ಅನ್ನೋ ವ್ಯವಸ್ಥೆ ಮಾಡಿ ತೋರಿಸಿದರು. ಒಂದೇ ಯಂತ್ರ, ಹಲವು ಟರ್ಮಿನಲ್, ಒಬ್ಬೊಬ್ಬರಿಗೂ ತಮ್ಮದೇ ಫೈಲುಗಳ ಜಾಗ. ಕಂಪ್ಯೂಟರ್‌ಗೆ ಪಾಸ್‌ವರ್ಡ್ ಅನ್ನೋದು ಬಂದಿದ್ದೂ ಅಲ್ಲಿಂದಲೇ. ಆಮೇಲೆ ಯುನಿಕ್ಸ್ ಬಂತು. ಆ ಸಂತತಿಯ ಕಂಪ್ಯೂಟರ್‌ಗಳಲ್ಲಿ, ಇವತ್ತಿನ ಲಿನಕ್ಸ್‌ನಲ್ಲೂ, 'ಸ್ಕೆಲ್' ಅಂತ ಒಂದು ಫೋಲ್ಡರ್ ಇರುತ್ತೆ. ಸ್ಕೆಲಿಟನ್ ಅನ್ನೋದರ ಚಿಕ್ಕ ರೂಪ, ಅಂದ್ರೆ ಅಸ್ಥಿಪಂಜರ. ಹೊಸ ಬಳಕೆದಾರ ಬಂದಾಗ ಆ ಫೋಲ್ಡರಿನಲ್ಲಿ ಇರೋದೆಲ್ಲ ಅವನ ಮನೆಗೆ ನಕಲಾಗುತ್ತೆ. ವಿಂಡೋಸ್ ಎನ್‌ಟಿಯಲ್ಲೂ ಇದೇ ಕ್ರಮ. 1996ರ ಎನ್‌ಟಿ 4.0ದಲ್ಲಿ 'ಡಿಫಾಲ್ಟ್ ಯೂಸರ್' ಅನ್ನೋ ಫೋಲ್ಡರ್ ಇತ್ತು, 2001ರಲ್ಲಿ ಬಂದ ಎಕ್ಸ್‌ಪಿಯಲ್ಲೂ ಉಳೀತು. ಆ ಹೆಸರಿನ ಮನುಷ್ಯ ಯಾರೂ ಇಲ್ಲ. ಅವನು ಯಾವತ್ತೂ ಲಾಗಿನ್ ಆಗಲ್ಲ. ಫೋಲ್ಡರ್ ಕೂಡ ಅಡಗಿರುತ್ತೆ, ಅಡಗಿದ ಫೈಲುಗಳನ್ನು ತೋರಿಸು ಅಂತ ಹೇಳದೆ ಕಣ್ಣಿಗೆ ಬೀಳಲ್ಲ.

ನಾನು ಇದನ್ನ ಬ್ಯಾಚ್‌ನವರಿಗೆ ಹೀಗೆ ವಿವರಿಸ್ತಿದ್ದೆ: ಡಿಫಾಲ್ಟ್ ಯೂಸರ್ ಅಂದ್ರೆ ಹೆಪ್ಪು. ಹಾಲಿಗೆ ಒಂದು ಚಮಚ ಹಾಕ್ತೀರಿ, ಹೆಪ್ಪು ಹೇಗೋ ಮೊಸರು ಹಾಗೆ. ಹೆಪ್ಪು ಹುಳಿ ಇದ್ರೆ ಪಾತ್ರೆಯೆಲ್ಲಾ ಹುಳಿ. ಇನ್ನೊಂದು ಮಾತು, ಹೆಪ್ಪನ್ನ ಇವತ್ತು ಬದಲಾಯಿಸಿದರೆ ನಿನ್ನೆ ಹೆಪ್ಪಾದ ಮೊಸರು ಬದಲಾಗಲ್ಲ. ಈಗಾಗಲೇ ಇರೋ ಅಕೌಂಟುಗಳು ಇದ್ದ ಹಾಗೇ ಇರ್ತವೆ, ಹೊಸದಾಗಿ ಹುಟ್ಟೋವಕ್ಕೆ ಮಾತ್ರ ಹೊಸ ರುಚಿ.

ನಮ್ಮ ಸೆಂಟರ್‌ನಲ್ಲಿ ಹೊಸ ಬ್ಯಾಚ್ ಶುರುವಾದಾಗಲೆಲ್ಲ ಹಳೇ ಅಕೌಂಟ್ ಅಳಿಸಿ ಪ್ರತಿಯೊಬ್ಬರಿಗೂ ಹೊಸ ಅಕೌಂಟ್ ಮಾಡ್ತಿದ್ವಿ. ಕಂಪನಿಯಿಂದ ಬಂದ ಹೆಪ್ಪಿನಲ್ಲಿ ಕನ್ನಡ ಇರಲಿಲ್ಲ.

ಹಾಗಂತ ಕಂಪ್ಯೂಟರ್‌ನಲ್ಲಿ ಕನ್ನಡವೇ ಇರಲಿಲ್ಲ ಅಂದ್ಕೋಬೇಡಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಕಿನ್ನಿಕಂಬಳ ಪದ್ಮನಾಭ ರಾವ್, ಅಂದ್ರೆ ನಮಗೆಲ್ಲ ಗೊತ್ತಿರುವ ಕೆ.ಪಿ. ರಾವ್, ಇಂಗ್ಲಿಷ್ ಕೀಬೋರ್ಡಿನ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡ ಕೂರುವ ವಿನ್ಯಾಸ ಮಾಡಿದ್ದರು. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕಾದರೆ ನಡುವೆ 'ಎಫ್'. ಅರ್ಧ ಗಂಟೆಯಲ್ಲಿ ಯಾರಿಗೆ ಬೇಕಾದರೂ ಹೇಳಿಕೊಡಬಹುದು, ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೀನಿ. ಕರ್ನಾಟಕ ಸರ್ಕಾರ ಒಪ್ಪಿದ ಕೀಲಿಮಣೆಯ ತಳಹದಿ ಇದೇ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ಸರ್ಕಾರಿ ಕಚೇರಿಗಳಿಗೆಲ್ಲ ಹೋಯಿತು. ಎಕ್ಸ್‌ಪಿ ಒಳಗೆ 'ತುಂಗಾ' ಅನ್ನೋ ಕನ್ನಡ ಫಾಂಟ್ ಕೂಡ ಇತ್ತು.

ಅಂದ್ರೆ ಅಡುಗೆಮನೆಯಲ್ಲಿ ಎಲ್ಲಾ ಇತ್ತು, ಎಲೆಗೆ ಬಡಿಸಿರಲಿಲ್ಲ ಅಷ್ಟೆ. ಎಕ್ಸ್‌ಪಿಯಲ್ಲಿ ಕನ್ನಡ ಸರಿಯಾಗಿ ಕಾಣಬೇಕಾದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಯ ಕಿಟಕಿ ತೆಗೆದು, ಸಂಕೀರ್ಣ ಲಿಪಿಗಳ ಬೆಂಬಲ ಬೇಕು ಅಂತ ಒಂದು ಚೌಕಕ್ಕೆ ಟಿಕ್ ಹಾಕಬೇಕಿತ್ತು. ಹಾಕಿದ ತಕ್ಷಣ ವಿಂಡೋಸ್ ಸಿಡಿ ಕೇಳೋದು. ಸಿಡಿ ಯಾರ ಹತ್ರ ಇರುತ್ತಿತ್ತು ಅನ್ನೋದು ಬೇರೆ ಕಥೆ, ಬಿಡಿ. ಅದಾದ ಮೇಲೆ ಕೀಬೋರ್ಡ್ ಸೇರಿಸಬೇಕು. ಸೇರಿಸಿದರೆ ಬರ್ತಿದ್ದದ್ದು ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್, ಸ್ವರ ಎಲ್ಲಾ ಎಡಗೈಗೆ, ವ್ಯಂಜನ ಬಲಗೈಗೆ. ಕೆ.ಪಿ. ರಾವ್ ವಿನ್ಯಾಸ ಕಲಿತ ಕೈಗೆ ಅದು ಬೇರೆಯವರ ಚಪ್ಪಲಿ ಹಾಕಿಕೊಂಡ ಹಾಗೆ.

ನುಡಿಯದ್ದು ಇನ್ನೊಂದು ತಾಪತ್ರಯ. ಆಗಿನ ನುಡಿ ಯುನಿಕೋಡ್ ಅಲ್ಲ, ಫಾಂಟ್ ನಂಬಿಕೊಂಡಿತ್ತು. ವರ್ಡ್‌ನಲ್ಲಿ ಹೊಸ ಹಾಳೆ ತೆಗೆದರೆ ಬರೋ ಫಾಂಟ್ ಇಂಗ್ಲಿಷಿನದು. ಅದರಲ್ಲಿ 'ಕನ್ನಡ' ಅಂತ ಟೈಪ್ ಮಾಡಿದರೆ ನೆತ್ತಿ ಮೇಲೆ ಗೆರೆ ಎಳೆದ ಎ, ನಡುವೆ ಪೌಂಡ್ ಗುರುತು, ಹೀಗೆ ಏನೇನೋ. ಮೊದಲ ದಿನ ಬಂದ ಹೆಂಗಸರು ಗಾಬರಿಯಾಗಿ ಕೈ ಹಿಂದಕ್ಕೆ ತಗೊಳ್ತಿದ್ದರು. 'ಸಾರ್, ನಾನೇನೂ ಮುಟ್ಟಿಲ್ಲ, ಅದೇ ಕೆಟ್ಟೋಯ್ತು' ಅಂತ. ನಲವತ್ತು ದಾಟಿದವರು, ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಹತ್ತೂವರೆಗೆ ಓಡಿ ಬರ್ತಿದ್ದೋರು. ಕಂಪ್ಯೂಟರ್ ಎದುರು ಕೂರೋಕೆ ಎಷ್ಟು ಧೈರ್ಯ ಒಟ್ಟುಗೂಡಿಸಿಕೊಂಡು ಬಂದಿರ್ತಿದ್ರು ಅನ್ನೋದು ಈಗ ನಿಮಗೆ ಗೊತ್ತಾಗೋದು ಕಷ್ಟ. ಮೊದಲ ಹತ್ತು ನಿಮಿಷದಲ್ಲೇ ಮೆಷಿನ್ 'ನೀನು ತಪ್ಪು' ಅಂತ ಹೇಳಿದರೆ ಎರಡನೇ ದಿನ ಕೆಲವರು ಬರ್ತಾನೇ ಇರಲಿಲ್ಲ. ಇನ್ನು ಸ್ಕ್ರಾಲ್ ಲಾಕ್. ನುಡಿಯಲ್ಲಿ ಕನ್ನಡ–ಇಂಗ್ಲಿಷ್ ಬದಲಿಸೋ ಕೀಲಿ ಅದು. ಹಿಂದೆ ಕೂತಿದ್ದೋರು ಅದನ್ನ ಕನ್ನಡದಲ್ಲೇ ಬಿಟ್ಟು ಹೋಗಿದ್ದರೆ ಮುಂದಿನವರ ಯಾಹೂ ಪಾಸ್‌ವರ್ಡ್ ಸತ್ತರೂ ತಗೊಳ್ತಿರಲಿಲ್ಲ. ಚುಕ್ಕೆ ಮಾತ್ರ ಕಾಣುತ್ತಲ್ಲ, ಒಳಗೆ ಏನು ಬೀಳ್ತಿದೆ ಅಂತ ಯಾರಿಗೆ ಗೊತ್ತು!

ಪ್ರತಿ ಬ್ಯಾಚ್‌ಗೂ ಆರು ಮೆಷಿನ್‌ನಲ್ಲಿ ಇದನ್ನೆಲ್ಲ ಕೈಯಾರೆ ಸರಿ ಮಾಡಿ ಮಾಡಿ ನನಗೆ ಸಾಕಾಗಿತ್ತು. ಒಂದು ದಿನ ಅದೇ ಭಾಷೆಯ ಕಿಟಕಿಯ ಮೂರನೇ ಪುಟದ ತಳದಲ್ಲಿ ಒಂದು ಚೌಕ ಕಣ್ಣಿಗೆ ಬಿತ್ತು: ಈ ಎಲ್ಲಾ ಸೆಟ್ಟಿಂಗನ್ನು ಈಗಿನ ಅಕೌಂಟಿಗೂ ಡಿಫಾಲ್ಟ್ ಯೂಸರ್ ಪ್ರೊಫೈಲಿಗೂ ಅನ್ವಯಿಸು. ಟಿಕ್ ಹಾಕಿದೆ. ಹೊಸ ಅಕೌಂಟ್ ಮಾಡಿ ನೋಡಿದೆ. ಕೆಳಗೆ ಗಡಿಯಾರದ ಪಕ್ಕ ಭಾಷೆಯ ಪಟ್ಟಿಯಲ್ಲಿ ಕನ್ನಡ ಬಂದು ಕೂತಿತ್ತು, ಯಾರೂ ಕೇಳದೆ. ನಗಬೇಡಿ, ಅವತ್ತು ನಾನು ಕೆಳಗಿಳಿದು ಹೋಗಿ ವಿದ್ಯಾರ್ಥಿ ಭವನದಲ್ಲಿ ಒಬ್ಬನೇ ದೋಸೆ ತಿಂದು ಬಂದೆ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆ ಚೌಕ ಭಾಷೆಯ ಸೆಟ್ಟಿಂಗ್ ಮಾತ್ರ ನಕಲು ಮಾಡ್ತಿತ್ತು. ವರ್ಡ್ ತೆಗೆದರೆ ನುಡಿ ಫಾಂಟ್ ಬರಬೇಕು, ನುಡಿ ತಾನೇ ಶುರುವಾಗಬೇಕು, ಐಕಾನ್ ದೊಡ್ಡದಾಗಿ ಕಾಣಬೇಕು ಅನ್ನೋ ಆಸೆ ನನ್ನದು. ಅದಕ್ಕೆ ಇನ್ನೊಂದು ದಾರಿ ಇತ್ತು. 'ಮಾದರಿ' ಅಂತ ಒಂದು ಅಕೌಂಟ್ ಮಾಡೋದು, ಅದರಲ್ಲಿ ಎಲ್ಲವನ್ನೂ ನಮಗೆ ಬೇಕಾದ ಹಾಗೆ ಒಪ್ಪ ಮಾಡೋದು, ಲಾಗೌಟ್ ಆಗಿ ಅಡ್ಮಿನ್ ಅಕೌಂಟಿನಿಂದ ಬಂದು, ಯೂಸರ್ ಪ್ರೊಫೈಲ್ಸ್ ಅನ್ನೋ ಕಿಟಕಿಯಲ್ಲಿ 'ಕಾಪಿ ಟು' ಒತ್ತಿ, ಡಿಫಾಲ್ಟ್ ಯೂಸರ್ ಫೋಲ್ಡರ್ ತೋರಿಸೋದು. ಯಾರು ಬಳಸಬಹುದು ಅಂತ ಕೇಳುವ ಜಾಗದಲ್ಲಿ 'ಎವ್ರಿವನ್' ಅಂತ ಹಾಕೋದು. ಅದನ್ನ ಮರೆತರೆ ಹೊಸಬರಿಗೆ ಆ ಪ್ರೊಫೈಲ್ ತೆರೆಯೋಕೇ ಆಗಲ್ಲ. ಎವ್ರಿವನ್. ಎಲ್ಲರೂ. ಆ ಪದವನ್ನ ನಾನು ಒಂದು ಕ್ಷಣ ನಿಂತು ಓದಬೇಕಿತ್ತು.

ಒಂದು ವಾರ ಕೂತು 'ಮಾದರಿ'ಯನ್ನ ತಿದ್ದಿದೆ. ನಿಜಕ್ಕೂ ಚೆನ್ನಾಗಿ ಬಂತು. ಇಡೀ ಸೆಂಟರ್‌ನಲ್ಲಿ ಕೂತ ತಕ್ಷಣ ಕನ್ನಡ ಬರೆಯಬಹುದಾಗಿದ್ದ ಅಕೌಂಟ್ ಅದೊಂದೇ. ಆ ವಾರವೇ ಚಾಮರಾಜಪೇಟೆಯಿಂದ ಒಬ್ಬರು ಮೇಷ್ಟ್ರು ಬಂದರು. ನಿವೃತ್ತರು. ಬೆಳಗ್ಗೆ ಪಂಪ ಮಹಾಕವಿ ರಸ್ತೆಯ ಕಡೆ ವಾಕಿಂಗ್, ಸಾಹಿತ್ಯ ಪರಿಷತ್ತಿನಲ್ಲಿ ಏನಾದರೂ ಕಾರ್ಯಕ್ರಮ ಇದ್ದರೆ ಹಿಂದಿನ ಕುರ್ಚಿಯಲ್ಲಿ ಕೂತು ಕೇಳಿ ಬರೋದು, ಅಂಥವರು. ಒಂದು ಪಾಲುಪಟ್ಟಿಯ ಕರಡು ಮಾಡಬೇಕಿತ್ತು ಅವರಿಗೆ. ವಕೀಲರ ಹತ್ತಿರ ಹೋಗೋ ಮುಂಚೆ ತಾವೇ ಕನ್ನಡದಲ್ಲಿ ಬರೆದು ನೋಡಬೇಕು ಅನ್ನೋ ಇಷ್ಟ. ಯಾರ ಕೈಲೂ ಟೈಪ್ ಮಾಡಿಸಲ್ಲ, ತಾವೇ ಕಲಿತು ಮಾಡ್ತೀನಿ ಅಂದ್ರು. ಹಳೇ ಮನೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳಿಗೂ ಸಮಪಾಲು ಬರೆದಿದ್ದರು. ಗಂಡುಮಕ್ಕಳಿಗೆ ಅದಿನ್ನೂ ಗೊತ್ತಿರಲಿಲ್ಲ.

ಅವರನ್ನ ಯಾವ ಅಕೌಂಟಿನಲ್ಲಿ ಕೂರಿಸಿದೆ ಅಂತ ನಿಮಗೆ ಆಗಲೇ ಹೊಳೆದಿರಬೇಕು. ನಾಲ್ಕು ಮಧ್ಯಾಹ್ನ ಬಂದರು, ಒಂದೊಂದೇ ಬೆರಳಲ್ಲಿ ಒಂದೂವರೆ ಪುಟ ಮುಗಿಸಿದರು, ಮೈ ಡಾಕ್ಯುಮೆಂಟ್ಸ್‌ನಲ್ಲಿ ಉಳಿಸಿದರು. 'ಮುಂದಿನ ವಾರ ಬಂದು ಪ್ರಿಂಟ್ ತಗೋತೀನಪ್ಪ, ಇನ್ನೊಂದ್ಸಲ ನೋಡಬೇಕು' ಅಂದ್ರು.

ಶನಿವಾರ ರಾತ್ರಿ ನಾನು 'ಮಾದರಿ'ಯನ್ನ ಆರೂ ಮೆಷಿನ್‌ನ ಡಿಫಾಲ್ಟ್ ಯೂಸರ್‌ಗೆ ಕಾಪಿ ಮಾಡಿದೆ. ಫಾಂಟ್ ಹೋಯಿತು, ಕೀಬೋರ್ಡ್ ಹೋಯಿತು, ಐಕಾನ್ ಹೋಯಿತು. ಮೈ ಡಾಕ್ಯುಮೆಂಟ್ಸೂ ಹೋಯಿತು. ಕಾಪಿ ಅಂದ್ರೆ ಕಾಪಿ. ಯಾವುದು ಸೆಟ್ಟಿಂಗ್, ಯಾವುದು ಒಬ್ಬರ ಮನೆ ವಿಷಯ ಅನ್ನೋ ವಿವೇಚನೆ ಅದಕ್ಕಿರಲಿಲ್ಲ. ನನಗಾದರೂ ಇರಬೇಕಿತ್ತು.

ಸೋಮವಾರ ಹತ್ತೂವರೆಗೆ ಹೊಸ ಬ್ಯಾಚ್. ಆರು ಜನ, ಆರು ಹೊಸ ಅಕೌಂಟ್. ನಾನು ಹಾಜರಿ ಪುಸ್ತಕ ತರೋಕೆ ಒಳಗೆ ಹೋಗಿ ಬರೋಷ್ಟರಲ್ಲಿ ಕೀಬೋರ್ಡುಗಳ ಸದ್ದು ಕೇಳಿಸ್ತಿತ್ತು. ಮೊದಲ ದಿನವೇ ಯಾರೂ ಗಾಬರಿಯಾಗದೆ ಟೈಪ್ ಮಾಡ್ತಿದ್ದಾರಲ್ಲ ಅಂತ ಖುಷಿಯಾಯ್ತು. ಹತ್ತಿರ ಹೋದೆ. ಒಬ್ಬ ಹುಡುಗ ಕೇಳಿದ, 'ಸಾರ್, ಪ್ರಾಕ್ಟೀಸಿಗೆ ಕೊಟ್ಟಿರೋದು ಇದೇ ಫೈಲ್ ತಾನೆ? ಎಲ್ಲರಿಗೂ ಇದೇ ಇದೆ.' ಮೂರು ಜನ ಆಗಲೇ ಪಾಲುಪಟ್ಟಿಯನ್ನ ಪಕ್ಕದ ಕಿಟಕಿಯಲ್ಲಿ ತೆಗೆದಿಟ್ಟುಕೊಂಡು ನೋಡಿ ನೋಡಿ ಬರೀತಿದ್ದರು. ಒಬ್ಬರು ಮೇಷ್ಟ್ರ ಹೆಸರಿನ ತನಕ ಬಂದಿದ್ದರು. ಅವರೇ ತಲೆ ಎತ್ತಿ ಅಂದರು, 'ಇವರು ನಮ್ಮ ರೋಡಿನವರು ಅಲ್ವಾ?'

ಆರೂ ಮೆಷಿನ್ ಆಫ್ ಮಾಡಿದೆ. ಅಕೌಂಟ್ ಅಳಿಸಿದೆ, ಡಿಫಾಲ್ಟ್ ಯೂಸರ್ ಒಳಗಿಂದ ಫೈಲ್ ಅಳಿಸಿದೆ, ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿಯಿಂದ ಅದರ ಹೆಸರನ್ನೂ ತೆಗೆದೆ. ಅದು ಬೇರೆ ಫೋಲ್ಡರಿನಲ್ಲಿ ಇರುತ್ತೆ, ಅದೂ ನಕಲಾಗಿತ್ತು. ಓದಿದ್ದನ್ನ ಅಳಿಸೋಕೆ ಬರಲಿಲ್ಲ. ಸಂಜೆ ಮೇಷ್ಟ್ರ ಮನೆಗೆ ನಾನೇ ಹೋದೆ. ಯಜಮಾನರು ಜೊತೆಗೆ ಬರ್ತೀನಿ ಅಂದ್ರು, ನಾನೇ ಬೇಡ ಅಂದೆ. ಜಗಲಿಯಲ್ಲಿ ಕೂರಿಸಿದರು, ಕಾಫಿ ಕೊಟ್ಟರು, ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. 'ಮನೇಲಿ ಹೇಳೋಕೆ ಸರಿಯಾದ ದಿನ ಹುಡುಕ್ತಿದ್ದೆ ಕಣಪ್ಪ' ಅಂದ್ರು. ಆ ದಿನವನ್ನ ಆರಿಸೋ ಅವಕಾಶ ಅವರಿಗೆ ಇನ್ನು ಇರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಅವತ್ತು ರಾತ್ರಿಯೇ ಮಕ್ಕಳನ್ನ ಕರೆದು ಹೇಳಿದರಂತೆ.

ವರ್ಷಗಳಾದ ಮೇಲೆ ಕೊರ್ಬಾಟೊ ಅವರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸ ಓದುವಾಗ ಒಂದು ಪ್ರಸಂಗ ಸಿಕ್ಕಿತು. ಎಂಐಟಿಯ ಅದೇ ಸಿಟಿಎಸ್‌ಎಸ್‌ನಲ್ಲಿ, 1960ರ ದಶಕದಲ್ಲಿ, ಒಂದು ಮಧ್ಯಾಹ್ನ ಲಾಗಿನ್ ಆದವರಿಗೆಲ್ಲ ದಿನದ ಸೂಚನೆಯ ಬದಲು ಎಲ್ಲಾ ಬಳಕೆದಾರರ ಪಾಸ್‌ವರ್ಡ್ ಪಟ್ಟಿ ಬಂತಂತೆ. ಆಗಿದ್ದು ಇಷ್ಟೆ: ಇಬ್ಬರು ನಿರ್ವಾಹಕರು ಒಂದೇ ಸಮಯಕ್ಕೆ ಎರಡು ಫೈಲ್ ತಿದ್ದುತ್ತಿದ್ದರು, ಎಡಿಟರ್ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಫೈಲ್ ಕೊಟ್ಟಿತ್ತು, ಎರಡೂ ಅದಲು ಬದಲಾದವು. ಓದಿ ನನಗೆ ಸಮಾಧಾನ ಆಯ್ತು ಅಂತ ಹೇಳಿದರೆ ಸುಳ್ಳಾಗುತ್ತೆ. ಪಾಸ್‌ವರ್ಡ್ ಆದರೆ ಬದಲಾಯಿಸಬಹುದು.

ಮೈಕ್ರೋಸಾಫ್ಟ್ ಆಮೇಲೆ ಆ ದಾರಿಯನ್ನು ಬಿಗಿ ಮಾಡಿತು. ವಿಂಡೋಸ್ 7ರಲ್ಲಿ ಸಾಮಾನ್ಯ ಅಕೌಂಟನ್ನು ಆಯ್ಕೆ ಮಾಡಿದರೆ 'ಕಾಪಿ ಟು' ಗುಂಡಿ ಮಂಕಾಗಿರುತ್ತೆ, ಒತ್ತೋಕೆ ಬರಲ್ಲ. ಮಾದರಿ ಪ್ರೊಫೈಲ್ ಬೇಕೇ ಬೇಕು ಅಂದ್ರೆ ಸಿಸ್‌ಪ್ರೆಪ್ ಅನ್ನೋ ಉಪಕರಣ ಬಳಸಬೇಕು. ಕೈಯಿಂದ ಕಾಪಿ ಮಾಡಿದರೆ ಒಬ್ಬರ ಸ್ವಂತ ಮಾಹಿತಿ ಉಳಿದು ಹೊಸಬರಿಗೆ ಹೋಗುತ್ತೆ ಅನ್ನೋದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ನಮ್ಮಲ್ಲಿ 2011ರಲ್ಲಿ ಸೈಬರ್ ಕೆಫೆಗಳಿಗೆ ಕೇಂದ್ರದ ನಿಯಮ ಬಂತು. ಬಂದವರ ಗುರುತಿನ ಚೀಟಿ ನೋಡಿ, ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಿ, ಕ್ಯಾಬಿನ್ ಗೋಡೆ ನಾಲ್ಕೂವರೆ ಅಡಿ ಮೀರಬಾರದು. ಯಾರು ಕೂತಿದ್ದರು ಅನ್ನೋದರ ಮೇಲೆ ಅಷ್ಟು ಕಣ್ಣು. ಎದ್ದು ಹೋದವರು ಏನು ಬಿಟ್ಟು ಹೋದರು ಅನ್ನೋ ಚಿಂತೆ ನನ್ನಂಥ ಸಹಾಯಕರ ತಲೆ ಮೇಲೆ.

ಕನ್ನಡದ ಮಟ್ಟಿಗೆ ಹೇಳೋದಾದರೆ ಕಾಲ ಸುಧಾರಿಸಿದೆ. 2019ರ ವಿಂಡೋಸ್ 10ರಲ್ಲಿ ಉಚ್ಚಾರಣೆಯ ಪ್ರಕಾರ ಟೈಪ್ ಮಾಡೋ ಕನ್ನಡ ಕೀಬೋರ್ಡ್ ಬಂತು. ಲಿನಕ್ಸ್‌ನಲ್ಲಿ ಕಗಪ ವಿನ್ಯಾಸ ಅದೇ ಹೆಸರಲ್ಲಿ ಪಟ್ಟಿಯೊಳಗೇ ಇದೆ. ಆದರೆ ನಿಮ್ಮ ಕಾಲೇಜಿನ ಲ್ಯಾಬಲ್ಲೋ, ಬಡಾವಣೆಯ ಲೈಬ್ರರಿಯಲ್ಲೋ ಹೊಸ ಅಕೌಂಟಿನಿಂದ ಕೂತು ನೋಡಿ, ಮೊದಲು ಎದುರಿಗೆ ಬರೋದು ಬಹುಮಟ್ಟಿಗೆ ಇಂಗ್ಲಿಷೇ. ನಾನು 2004ರಲ್ಲಿ ಕಂಡ ಚೌಕ ಇವತ್ತಿನ ವಿಂಡೋಸಿನಲ್ಲೂ ಇದೆ, ಭಾಷೆಯ ಹಳೇ ಕಿಟಕಿಯ ಅಡ್ಮಿನಿಸ್ಟ್ರೇಟಿವ್ ಪುಟದಲ್ಲಿ, 'ಕಾಪಿ ಸೆಟ್ಟಿಂಗ್ಸ್' ಒತ್ತಿದರೆ ಕಾಣುತ್ತೆ: ಹೊಸ ಬಳಕೆದಾರರಿಗೂ ಇದನ್ನೇ ಕೊಡು. ಅದು ಭಾಷೆಯನ್ನಷ್ಟೇ ನಕಲು ಮಾಡುತ್ತೆ, ಫೈಲ್ ಮುಟ್ಟಲ್ಲ. ಆ ಲ್ಯಾಬಿನ ಜವಾಬ್ದಾರಿ ನಿಮ್ಮದಾಗಿದ್ದರೆ ಧೈರ್ಯವಾಗಿ ಟಿಕ್ ಹಾಕಿ.

ಮೇಷ್ಟ್ರು ಆಮೇಲೆ ಒಂದೇ ಸಲ ಸೆಂಟರ್‌ಗೆ ಬಂದಿದ್ದು. ಭಾನುವಾರ, ಕ್ಲಾಸ್ ಇಲ್ಲದ ಹೊತ್ತು. ನಾನಿರಲಿಲ್ಲ, ಯಜಮಾನರು ಹೇಳಿದ್ದು. ಕಂಪ್ಯೂಟರ್ ಕಡೆ ನೋಡಲೂ ಇಲ್ಲವಂತೆ. ಯಜಮಾನರೇ ಅಟ್ಟ ಹತ್ತಿ ಗೋಣಿಚೀಲ ಸರಿಸಿ ಹಳೇ ಕನ್ನಡ ಮೆಷಿನ್ ಇಳಿಸಿದರು, ರಿಬ್ಬನ್ ಬದಲಾಯಿಸಿದರು, ಮಾರ್ಜಿನ್ ಸರಿ ಮಾಡಿದರು. ಮೇಷ್ಟ್ರು ಓದುತ್ತಾ ಹೋದರು, ಯಜಮಾನರು ಟೈಪ್ ಮಾಡಿದರು. ಎರಡು ಪ್ರತಿ, ನಡುವೆ ಒಂದು ಕಾರ್ಬನ್. ಮುಗಿದ ಮೇಲೆ ಮೇಷ್ಟ್ರು ಎರಡು ಹಾಳೆಯನ್ನೂ ಮಡಿಸಿ ಜೇಬಿಗಿಟ್ಟುಕೊಂಡರು. ಬಾಗಿಲ ತನಕ ಹೋದವರು ತಿರುಗಿ ಬಂದು, ಆ ಕಾರ್ಬನ್ ಹಾಳೆಯನ್ನೂ ಕೇಳಿ ಇಸ್ಕೊಂಡು ಹೋದರಂತೆ.